ವಾರಸುದಾರರಿಲ್ಲದ ಉತ್ತರ

ಉತ್ತರ ಬಂದು ಕೂತಿತ್ತು. ಪ್ರಶ್ನೆ ಇನ್ನೂ ಹೊರಟೇ ಇರಲಿಲ್ಲ.

ಶಿವಲೀಲಾ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ತಪ್ಪು ಕನ್ನಡಕದ್ದಲ್ಲ. ಪರದೆಯ ಮೇಲಿನ ಸಾಲು ಹಾಗೆಯೇ ಇತ್ತು: 'ನಾಡಿ ಜೋರು. ಮೈ ತಣ್ಣಗೆ.' ಪಕ್ಕದಲ್ಲಿ ಹೆಸರು ಇರಬೇಕಾದ ಜಾಗ ಮಾತ್ರ ಖಾಲಿ. ಹೊರಗೆ ಗದಗಿನ ಮಟಮಟ ಮಧ್ಯಾಹ್ನ. ಕಪ್ಪತಗುಡ್ಡದ ಕಡೆಯ ಗಾಳಿಗೆ ನಾಡಿ ಕೇಂದ್ರದ ಕಿಟಕಿಗಳು ಬಡಿದುಕೊಳ್ಳುತ್ತಿದ್ದವು. ದೆವ್ವ ತಿರುಗಾಡುವ ಹೊತ್ತು ಎಂದು ಹಿರಿಯರು ಮಕ್ಕಳನ್ನು ಒಳಗೆ ಕೂಡಿಹಾಕುತ್ತಿದ್ದುದು ಇದೇ ಹೊತ್ತಿಗೆ. ಶಿವಲೀಲಾ ಅಂಥದ್ದನ್ನೆಲ್ಲ ನಂಬುವವಳಲ್ಲ, ಕಂಪ್ಯೂಟರಿಗೆ ಕೆಲಸ ಹೇಳುವ ಸ್ಕ್ರಿಪ್ಟು ಬರೆಯುವವಳು.

"ಯಾರದವಾ ಅದು?" ಎಂದು ಪಕ್ಕದ ಕುರ್ಚಿಯಿಂದ ನದಾಫ ಕಾಕಾ ಕತ್ತು ಚಾಚಿದ. ಕೇಂದ್ರದ ಹಳೆಯ ಆಪರೇಟರ್ ಅವನು. ಬಾಯಲ್ಲಿ ಅಡಿಕೆ, ಕಣ್ಣು ಸದಾ ಪರದೆಯ ಮೇಲೆ.

"ಯಾರದೂ ಅಲ್ಲ ಕಾಕಾ. ನಾವು ಇನ್ನೂ ಯಾರನ್ನೂ ಕೇಳೇ ಇಲ್ಲ."

"ಕೇಳದನ ಹೇಳಾವರು ನಮ್ಮ ಓಣಿಯೊಳಗ ಭಾಳ ಮಂದಿ ಅದಾರ. ಮಷೀನೂ ಕಲ್ತಿರಬೇಕು ಬಿಡು."

ಶಿವಲೀಲಾಳಿಗೆ ನಗು ಬರಲಿಲ್ಲ, ಯಾಕೆಂದರೆ ಆ ಸ್ಕ್ರಿಪ್ಟು ಅವಳದೇ.

ಎದೆಜ್ವರ ಬಂದುಹೋದ ಮೇಲೆ ಊರಿನ ಅರ್ಧ ಮಂದಿಯ ಗುಂಡಿಗೆ ನಂಬುವಂತಿರಲಿಲ್ಲ. ಅವರೆಲ್ಲರ ಎದೆಯ ಎಡಕ್ಕೆ ಒಂದೊಂದು ಬಿಲ್ಲೆ ಅಂಟಿಸಿದ್ದರು. ಬಿಲ್ಲೆ ನಾಡಿ ನೋಡುತ್ತಿತ್ತು, ಕೇಂದ್ರ ಕೇಳಿದಾಗ ಹೇಳುತ್ತಿತ್ತು. ಗುಂಡಿಗೆ ನಿಂತಿದ್ದರೆ ಮೊದಲು ಹಾಗೆಂದು ತಿಳಿಸಿ, ಕೇಂದ್ರ ಮತ್ತೊಮ್ಮೆ ಕೇಳಿದರೆ ಅದನ್ನೇ ಅಪ್ಪಣೆಯೆಂದು ಹಿಡಿದು ಒಂದು ಹೊಡೆತ ಕೊಟ್ಟು ಮತ್ತೆ ಓಡಿಸುತ್ತಿತ್ತು. ಅಪ್ಪಣೆಯಿಲ್ಲದೆ ಹೊಡೆಯುವ ಸ್ವಾತಂತ್ರ್ಯವನ್ನು ಮೊದಮೊದಲು ಅದಕ್ಕೆ ಕೊಟ್ಟು ನೋಡಿದ್ದರು. ಭಜನೆಯಲ್ಲಿ ಮೈಮರೆತು ಕೂತ ಇಬ್ಬರು ಹಿರಿಯರಿಗೆ ಅದು ಹೊಡೆದ ಮೇಲೆ ಆ ಸ್ವಾತಂತ್ರ್ಯ ಹೋಯಿತು.

ಆದ್ದರಿಂದ ಎಲ್ಲವೂ ಕೇಳುವುದರ ಮೇಲೆ ನಿಂತಿತ್ತು. ಮೊದಲು ಕೇಂದ್ರ ಒಬ್ಬರನ್ನು ಕೇಳಿ, ಉತ್ತರ ಬರುವತನಕ ಕಾದು, ಆಮೇಲೆ ಇನ್ನೊಬ್ಬರನ್ನು ಕೇಳುತ್ತಿತ್ತು. ಸರದಿ ಕೊನೆ ಮುಟ್ಟುವಷ್ಟರಲ್ಲಿ ಕೊನೆಯವರ ಕತೆ ಶಿವಾಯ ನಮಃ. ಶಿವಲೀಲಾ ಬಳಸುತ್ತಿದ್ದುದು ಜಾಲತಾಣ ಕಟ್ಟಲೆಂದು ಎಂದೋ ಹುಟ್ಟಿದ, ಈಗಿನವರು ಮೂಗು ಮುರಿಯುವ ಒಂದು ಹಳೆಯ ಸ್ಕ್ರಿಪ್ಟ್ ಭಾಷೆ. ಅದರಲ್ಲಿ ಎರಡು ಅನುಕೂಲಗಳಿದ್ದವು. ಪ್ರಶ್ನೆಯನ್ನು ಮೊದಲೇ ಸಿದ್ಧಮಾಡಿ, ಹೆಸರು ನಾಡಿಗಳೆಲ್ಲ ದಾಖಲಾಗುವ ಡೇಟಾಬೇಸಿನ ಕೈಯಲ್ಲಿ ಇಟ್ಟುಬಿಡುವುದು ಒಂದು. ಲಗ್ನಪತ್ರಿಕೆ ಅಚ್ಚು ಹಾಕಿಸಿ ಹೆಸರಿನ ಜಾಗ ಖಾಲಿ ಬಿಟ್ಟ ಹಾಗೆ. ಆಮೇಲೆ ಹೆಸರು ತುಂಬುತ್ತ ಹೋದರಾಯಿತು. ಇನ್ನೊಂದು, ಕೇಳಿದ ಮೇಲೆ ಕಾಯದೆ ಮುಂದಕ್ಕೆ ಹೋಗುವುದು. ಉತ್ತರ ಬಂದಾಗ ಬರಲಿ, ಆಗ ಎತ್ತಿಕೊಳ್ಳೋಣ.

ಭಾಷೆ ಕಟ್ಟಿದವರು ಇವೆರಡನ್ನೂ ಬೇರೆ ಬೇರೆ ಇಟ್ಟಿದ್ದರು. ಸಿದ್ಧ ಪ್ರಶ್ನೆ ಬೇಕೆಂದರೆ ಕಾಯಬೇಕು. ಕಾಯುವುದು ಬೇಡವೆಂದರೆ ಪ್ರತಿ ಸಲವೂ ಪ್ರಶ್ನೆಯನ್ನು ಹೊಸದಾಗಿ ಬರೆಯಬೇಕು. ಯಾಕೆಂದು ಅವರೂ ಎಲ್ಲೂ ಹೇಳಿರಲಿಲ್ಲ. ಶಿವಲೀಲಾ ಎರಡನ್ನೂ ಕೂಡಿಸಿದಳು. 'ಇವರ ನಾಡಿ ಹೇಗಿದೆ?' ಎಂಬ ಸಿದ್ಧ ಪ್ರಶ್ನೆ ಊರಿಗೆ ಊರನ್ನೇ ಒಂದೇ ಸುತ್ತಿನಲ್ಲಿ ಕೇಳಿ ಬರತೊಡಗಿತು. ಉಳಿದದ್ದು ಒಂದೇ ಕಟ್ಟಳೆ: ಬಂದ ಪ್ರತಿಯೊಂದು ಉತ್ತರವನ್ನೂ ಒಂದು ಹೆಸರಿಗೆ ಸೇರಿಸಿ ಎತ್ತಿಕೊಂಡ ಹೊರತು ಮುಂದಿನ ಸುತ್ತು ಹೊರಡುವಂತಿಲ್ಲ. ಮುಖ್ಯಸ್ಥರಾದ ಡಾಕ್ಟರ್ ಇನಾಮದಾರ ಅವಳಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡರು.

ಈಗ ಯಾರನ್ನೂ ಕೇಳದೆ ಬಂದ ಈ ಉತ್ತರವನ್ನು ಸ್ಕ್ರಿಪ್ಟು ತನ್ನ ಪಾಡಿಗೆ ತಾನು ಸರದಿಯಲ್ಲಿ ಮೊದಲಿದ್ದ ಹೆಸರಿಗೆ ಸೇರಿಸಿತು. ಬೆಟಗೇರಿಯ ನೇಕಾರ ಹುಚ್ಚಪ್ಪನ ಹೆಸರು ಅದು. ವ್ಯಾನು ಹೋಯಿತು. ಹುಚ್ಚಪ್ಪ ಮಗ್ಗದ ಮುಂದೆ ಕೂತು ಹಾಡಿಕೊಳ್ಳುತ್ತಿದ್ದ. "ನನಗೇನಾಗೇತ್ರಿ? ಆರಾಮ ಅದೀನಲ್ಲ" ಎಂದ. ಹಾಗೆನ್ನುತ್ತಲೇ ಅವನ ಮುಖ ಬೆವರಿತು, ಎದೆ ಹಿಡಿದುಕೊಂಡ. ಸಂಜೆಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು, ವ್ಯಾನು ನೋವಿಗಿಂತ ಮೊದಲೇ ಬಂತು ಎಂದು ಕಂಡಕಂಡವರಿಗೆಲ್ಲ ಹೇಳಿದ.

ಊರು ಕೊಂಡಾಡಿತು. ಶಿವಲೀಲಾ ಮಾತ್ರ ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಪಡಸಾಲೆಯಲ್ಲಿ ನಿಂತಿದ್ದಳು.

ಅವಳ ಗಂಡ ಗುರುಪಾದಪ್ಪ ಹಾರ್ಮೋನಿಯಂ ರಿಪೇರಿ ಮಾಡುವವನು. ನೆಲದ ಮೇಲೆ ಪೇಪರು ಹಾಸಿ, ಅದರ ಮೇಲೆ ಹಿತ್ತಾಳೆಯ ಸ್ವರಪಟ್ಟಿಗಳನ್ನು ಹರವಿಕೊಂಡು, ಒಂದೊಂದನ್ನೇ ಬಾಯಿಗಿಟ್ಟು ಊದಿ ನೋಡುತ್ತಿದ್ದ. ಎದೆಜ್ವರ ಅವನನ್ನೂ ಬಿಟ್ಟಿರಲಿಲ್ಲ. ಉದ್ದಕ್ಕೆ ಊದಿದರೆ ಏದುಸಿರು ಬರುತ್ತಿತ್ತು. ಹಾಗಾಗಿ ಚಿಕ್ಕದಾಗಿ ಊದುತ್ತಿದ್ದ.

"ಯಾಕ ಹಂಗ ನಿಂತಿ? ಮನಿ ಮರತೇನು?"

"ಏನಿಲ್ಲ. ನಿಮಗ ಹೆಂಗ ಐತಿ?"

"ಆರಾಮ."

ಈ ಊರಿನಲ್ಲಿ ಆ ಮಾತಿಗೆ ಅರ್ಥ ಹುಡುಕಬಾರದು. ಎದುರಾದವರು 'ಆರಾಮ?' ಎನ್ನುತ್ತಾರೆ, ನೀವು 'ಆರಾಮ' ಎನ್ನುತ್ತೀರಿ. ಕಾಲು ಮುರಿದು ಗಾಡಿಯಲ್ಲಿ ಮಲಗಿದ್ದರೂ ಆರಾಮ. ಕೇಳಿದವರೂ ಅಷ್ಟೇ, ನಡೆಯುವ ಕಾಲು ನಿಲ್ಲಿಸದೆ ಕೇಳಿ, ನಡೆಯುತ್ತಲೇ ಉತ್ತರ ಕೇಳಿಸಿಕೊಂಡು ಹೋಗುತ್ತಾರೆ. ಹೀಗಿರುವ ಮಂದಿಯ ಎದೆಗೆ ಬಿಲ್ಲೆ ಅಂಟಿಸುವಾಗ ಅದರ ನಡುವೆ ಒಂದು ಗುಂಡಿಯನ್ನೂ ಇಟ್ಟಿದ್ದರು. ಕೇಂದ್ರ ಕೇಳಿದಾಗ ಬಿಲ್ಲೆ ಸಣ್ಣಗೆ ನಡುಗುತ್ತದೆ, ತೊಂದರೆ ಇಲ್ಲದವರು ಗುಂಡಿ ಒತ್ತಿದರೆ ಪರದೆಯ ಮೇಲೆ ಅವರ ಹೆಸರಿನ ಮುಂದೆ ಹಸಿರು ಬಣ್ಣದಲ್ಲಿ 'ಆರಾಮ' ಎಂದು ಮೂಡುತ್ತದೆ. ಬಿಲ್ಲೆ ನಡುಗುವತನಕ ಕಾಯುವ ಸಂಯಮ ಊರಿಗೆಲ್ಲಿಂದ ಬರಬೇಕು? ಸ್ನಾನ, ವಿಭೂತಿ, ಗುಂಡಿ, ಚಹಾ ಎಂದು ಕ್ರಮವೇ ಆಗಿಹೋಯಿತು. ಗುರುಪಾದಪ್ಪನಂತೂ ಹೆಂಡತಿ ಕೇಂದ್ರದಲ್ಲಿ ಕೂತು ಗಾಬರಿಯಾಗುವುದು ಬೇಡವೆಂದು ನೆನಪಾದಾಗಲೆಲ್ಲ ಒತ್ತುತ್ತಿದ್ದ.

ಮುಂದೆ ಅಂಥ ಉತ್ತರಗಳು ಹೆಚ್ಚಿದವು. ದಿನಕ್ಕೊಂದೋ ಎರಡೋ, ಹೆಸರಿಲ್ಲದೆ ಬಂದು ಸಾಲಿನ ತುದಿಯಲ್ಲಿ ಕೂಡುತ್ತಿದ್ದವು. ಯಾರ ಹೆಸರಿಗೆ ಸೇರಿತೋ ಅವರಿಗೆ ಹಾಗೆಯೇ ಆಗುತ್ತಿತ್ತು. ಊರು ಅದಕ್ಕೆ ಬೇಗ ಒಗ್ಗಿಕೊಂಡಿತು. ಬಿಳಿ ವ್ಯಾನು ಓಣಿಯ ಬಾಯಿಗೆ ಬಂದರೆ ಸಾಕು, ಮನೆಮನೆಯ ಕದ ಮುಚ್ಚುತ್ತಿದ್ದವು. ಬಾಗಿಲಲ್ಲಿ ನಿಂತರಂತೂ ಒಳಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ವ್ಯಾನಿನವರು ಹೆಸರು ಕೂಗುವತನಕ ಯಾರೂ ಉಸಿರು ಬಿಡುತ್ತಿರಲಿಲ್ಲ, ಕೂಗಿದ ಮೇಲೆ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಉಸಿರು ಬಿಡುತ್ತಿದ್ದರು. ಆ ಒಬ್ಬರಿಗೆ ಆಗ ಹೇಗಾಗಬೇಡ.

ಮುಳಗುಂದ ನಾಕಾದ ರಾಚಪ್ಪ ಮಾಸ್ತರರ ಬಾಗಿಲಿಗೆ ವ್ಯಾನು ಹೋದಾಗ ಅವರು ನಗುತ್ತಲೇ ಹೊರಬಂದರು. ಅವರ ಹೆಸರಿಗೆ ಸೇರಿದ್ದ ಉತ್ತರ 'ನಾಡಿ ಅತಿ ಕ್ಷೀಣ' ಎಂಬುದು. "ಇಷ್ಟು ಗಟ್ಟಿ ನಾಡಿ ನೋಡೀರೇನು?" ಎಂದು ಕೈ ಚಾಚಿದರು, ವ್ಯಾನಿನ ನರ್ಸಿಗೆ ಚಹಾ ತರಿಸಿದರು. ನರ್ಸ್ ಮಣಿಕಟ್ಟು ಹಿಡಿದು ಎಣಿಸತೊಡಗಿದಳು. ಎಣಿಸುವ ಅವಳ ಮುಖವನ್ನೇ ನೋಡುತ್ತಿದ್ದ ಮಾಸ್ತರರು ಹೊಸ್ತಿಲ ಮೇಲೆ ಕುಸಿದರು. ಮತ್ತೆ ಏಳಲಿಲ್ಲ.

ಮರುದಿನ ಶಿವಲೀಲಾ ಇನಾಮದಾರರ ಕೋಣೆಗೆ ಹೋದಳು.

"ಸರ್, ಉತ್ತರ ಅವರದ್ದಲ್ಲ. ಬಂದಾಗ ಅದಕ್ಕೆ ಹೆಸರೇ ಇರಲಿಲ್ಲ. ನಾವು ಅದನ್ನ ಒಯ್ದು ಅವರ ಮ್ಯಾಲೆ ಹಾಕಿದಿವಿ."

"ನೋಡಿ ಶಿವಲೀಲಾ, ವಿಜ್ಞಾನದ ಮಾತಾಡಿ. ಉತ್ತರಕ್ಕೆ ಹೆಸರು ಬೇಕು, ನಿಮ್ಮ ಸ್ಕ್ರಿಪ್ಟು ಹೆಸರು ಕೊಡುತ್ತದೆ. ಅದು ನಿಜವಾಗುತ್ತದೆ ಅಂದರೆ ಸರಿಯಾಗಿಯೇ ಕೊಡುತ್ತಿದೆ ಅಂತ ಅರ್ಥ."

"ಸರಿಯಾಗಿ ಕೊಡಾಕತ್ತೇತೋ, ಕೊಟ್ಟ ಮ್ಯಾಲೆ ಸರಿ ಆಗಾಕತ್ತೇತೋ?"

ಇನಾಮದಾರರು ಪೇಪರ್‌ವೇಟು ತಿರುಗಿಸಿದರು. ಆಮೇಲೆ ಮುಂದಿನ ಫೈಲು ಬಿಚ್ಚಿದರು.

ಶಿವಲೀಲಾ ತಾನೇ ಪರೀಕ್ಷೆ ಮಾಡಿದಳು. ಕೇಂದ್ರದಲ್ಲಿ ಕೂರುವವರಿಗೂ ಬಿಲ್ಲೆ ಇತ್ತು, ಹಾಗಾಗಿ ಅವರ ಹೆಸರುಗಳೂ ಸರದಿಯಲ್ಲಿದ್ದವು. ಅಂದು ಹೆಸರಿಲ್ಲದೆ ಬಂದ ಉತ್ತರ 'ಎಡಗೈ ತಣ್ಣಗೆ, ನಾಡಿ ಜೋರು.' ಸ್ಕ್ರಿಪ್ಟನ್ನು ತಡೆದು, ಖಾಲಿ ಜಾಗದಲ್ಲಿ ತನ್ನ ಹೆಸರನ್ನೇ ತುಂಬಿ ಎತ್ತಿಕೊಂಡಳು. ಎಡಗೈಯ ಬೆರಳ ತುದಿಯಿಂದ ಶುರುವಾದ ತಣ್ಣನೆ ಮೊಣಕೈತನಕ ಏರಿತು. ಎದೆ ದಡದಡ ಹೊಡೆದುಕೊಂಡಿತು. ನದಾಫ ಕಾಕಾ ಅವಳ ಕೈ ಮುಟ್ಟಿ ನೋಡಿ, "ಮಣ್ಣಿನ ಹರವಿ ನೀರಿನಂಗ ಆಗೇತಲ್ಲವಾ" ಎಂದು ತನ್ನ ಕೈ ಹಿಂದಕ್ಕೆ ಎಳೆದುಕೊಂಡ.

ಆಮೇಲೆ ಅವಳು ಸ್ಕ್ರಿಪ್ಟಿಗೆ ಒಂದು ಬೀಗ ಹಾಕಿದಳು. ಹೆಸರಿಲ್ಲದ ಉತ್ತರ ಬಂದರೆ ಅದು ತನ್ನ ಪಾಡಿಗೆ ಯಾರ ಮೇಲೂ ಬೀಳಬಾರದು. ಅಲ್ಲೇ ನಿಲ್ಲಬೇಕು, ಮನುಷ್ಯರೊಬ್ಬರು ಹೆಸರು ತುಂಬಬೇಕು. ತುಂಬುವ ಹೆಸರು ಯಾವುದೆಂದು ಅವಳೂ ಕಾಕಾನೂ ಮಾತಾಡಿಯೇ ಇರಲಿಲ್ಲ. ಒಂದು ದಿನ ಅವಳು ತನ್ನದನ್ನು ತುಂಬುತ್ತಿದ್ದಳು, ಒಂದು ದಿನ ಅವನು ತನ್ನದನ್ನು. ಊರಿನ ತಲೆಸುತ್ತು, ಬೆವರು, ಎದೆಬಡಿತಗಳನ್ನು ಇಬ್ಬರೂ ಹೀಗೆ ಹಂಚಿಕೊಂಡರು. "ಮಂದೀ ಮಕ್ಕಳಿಗೆ ದೃಷ್ಟಿ ತಗದಂಗ ಆತು ನಮ್ಮ ನೌಕರಿ" ಎಂದು ಕಾಕಾ ನಗುತ್ತಿದ್ದ. ನಗುವಾಗಲೂ ಅವನ ಹಣೆ ಬೆವರಿರುತ್ತಿತ್ತು.

ಮನೆಯಲ್ಲಿ ರೊಟ್ಟಿ ಬಡಿಸುವಾಗ ಗುರುಪಾದಪ್ಪನ ಬೆರಳಿಗೆ ಅವಳ ಕೈ ತಾಗಿತು.

"ಏನಲೇ ಇದು, ಸತ್ತವರ ಕೈ ಆದಂಗ ಆಗೇತಿ."

"ಬಿಡ್ತು ಅನ್ರಿ. ನೀರಾಗ ಕೆಲಸ ಮಾಡಿದ್ನಲ್ಲ."

"ನನ್ನ ಮುಂದ ಸುಳ್ಳ ಹೇಳಬ್ಯಾಡ. ಆ ಕೇಂದ್ರದಾಗ ಏನೋ ನಡದೈತಿ. ಯಾರದೋ ಬ್ಯಾನಿ ತಂದು ಮೈಮ್ಯಾಲೆ ಹಾಕ್ಕೋತೀರಂತ, ನದಾಫನ ಹೆಂಡತಿ ಹೇಳಿದ್ಲು."

ಶಿವಲೀಲಾ ಇನ್ನೊಂದು ರೊಟ್ಟಿ ಹಾಕಿದಳು. ಗಂಡ ರೊಟ್ಟಿ ಮುರಿಯುವುದನ್ನು ಬಿಟ್ಟು ಅವಳ ತಣ್ಣನೆಯ ಕೈಯನ್ನು ತನ್ನೆರಡು ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜತೊಡಗಿದ. ಉಜ್ಜಿ ಉಜ್ಜಿ ಅವನಿಗೇ ಏದುಸಿರು ಬಂತು. ಅದನ್ನು ಕಂಡು ಅವಳು ಕೈ ಎಳೆದುಕೊಂಡಳು. ಅವಳಿಗೆ ಈ ಲೋಕದಲ್ಲಿ ಇದ್ದ ಭಯ ಒಂದೇ. ಯಾವ ಉತ್ತರ ಯಾರ ಮೇಲೆ ಬಿದ್ದರೂ ಬೀಳಲಿ, ಇವನೊಬ್ಬನ ಮೇಲೆ ಬೀಳಬಾರದು. ಕೆಲಸದ ನಡುವೆ ಆಗಾಗ ಪರದೆಯಲ್ಲಿ ಅವನ ಹೆಸರು ಹುಡುಕಿ ಹಸಿರು ಅಕ್ಷರ ಕಂಡ ಮೇಲೆಯೇ ಅವಳು ಮುಂದಿನ ಕೆಲಸಕ್ಕೆ ಕೈ ಹಾಕುತ್ತಿದ್ದಳು.

ಅದು ಒಂದು ಸೋಮವಾರ. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಚಪ್ಪಲಿ ಮೆಟ್ಟುತ್ತ ಬಾಗಿಲಿಂದಲೇ, "ಆರಾಮ ಅದೀರಲ್ಲ?" ಎಂದಳು. ಒಳಗಿಂದ, "ಆರಾಮ, ಆರಾಮ, ನೀ ಹೋಗಿ ಬಾ" ಎಂಬ ದನಿ ಅವಳ ಬೆನ್ನಿಗೆ ಬಂದು ಮುಟ್ಟುವಷ್ಟರಲ್ಲಿ ಅವಳು ಓಣಿ ಇಳಿದಿದ್ದಳು.

ಮಧ್ಯಾಹ್ನ ಚಹಾ ತಂದಿಟ್ಟರು. ಅವಳು ಕಪ್ಪು ಎತ್ತಿದಳು, ಬಾಯಿಗೆ ಮುಟ್ಟಿಸಲಿಲ್ಲ. ಪರದೆ ನಿಂತುಹೋಗಿತ್ತು. ಸಾಲಿನ ತುದಿಯಲ್ಲಿ ಹೆಸರಿಲ್ಲದ ಒಂದು ಉತ್ತರ ಬಂದು ಕೂತಿತ್ತು.

'ನಾಡಿ ಇಲ್ಲ.'

"ಯಾ ಅಲ್ಲಾ" ಎಂದ ನದಾಫ ಕಾಕಾ.

ಇಬ್ಬರೂ ಅದನ್ನೇ ನೋಡಿದರು. ಹೆಸರಿನ ಜಾಗದಲ್ಲಿ ಸಣ್ಣ ಗೆರೆಯೊಂದು ಮಿಟುಕುತ್ತ, ಯಾರು, ಯಾರು ಎಂದು ಕೇಳುತ್ತಿರುವಂತಿತ್ತು. ಇದನ್ನು ಎತ್ತಿಕೊಳ್ಳದೆ ಮುಂದಿನ ಸುತ್ತು ಹೊರಡುವುದಿಲ್ಲ. ಸುತ್ತು ಹೊರಡದಿದ್ದರೆ ಊರಿನ ಒಂದು ಗುಂಡಿಗೆಯನ್ನೂ ಯಾರೂ ವಿಚಾರಿಸುವುದಿಲ್ಲ. ನಿಂತದ್ದು ನಿಂತೇ ಇರುತ್ತದೆ. ಎತ್ತಿಕೊಳ್ಳಬೇಕೆಂದರೆ ಒಂದು ಹೆಸರು ಬೇಕು.

ಶಿವಲೀಲಾ ಯಂತ್ರವನ್ನು ಆರಿಸಿ ಹಚ್ಚಿದಳು. ಉತ್ತರ ಅಲ್ಲೇ ಇತ್ತು. ಸತ್ತವರ ಹೆಸರು ಯಾವುದಾದರೂ ಇದೆಯೇ ಎಂದು ಹುಡುಕಿದಳು. ಯಾರಾದರೂ ಸತ್ತರೆ ಬಿಲ್ಲೆಯನ್ನು ಬಿಚ್ಚಿ, ತೊಳೆದು, ಬೇರೆಯವರಿಗೆ ಹಚ್ಚಿ, ಹಳೆಯ ಹೆಸರನ್ನು ಅಂದೇ ಅಳಿಸುವುದು ಕೇಂದ್ರದ ಪದ್ಧತಿ. ಸರದಿಯಲ್ಲಿದ್ದವರೆಲ್ಲ ಬದುಕಿದ್ದವರೇ.

ಇನಾಮದಾರರಿಗೆ ಫೋನು ಮಾಡಿದಳು. ಅವರು ಎಲ್ಲೋ ಸಭೆಯಲ್ಲಿದ್ದರು. ದನಿ ತಗ್ಗಿಸಿ, "ಬಹಳ ವಯಸ್ಸಾದವರು ಯಾರಾದರೂ ಇರುತ್ತಾರಲ್ಲ, ನೋಡಿ" ಎಂದರು. ಆಮೇಲೆ, "ನಾನು ಹೇಳಿದೆ ಅಂತ ಬೇಡ" ಎಂದೂ ಸೇರಿಸಿದರು. ಅವಳು ಫೋನಿಟ್ಟಳು.

"ನನ್ನ ಹೆಸರ ಬರಿ" ಎಂದ ಕಾಕಾ. "ಮಕ್ಕಳ ಲಗ್ನ ಮುಗದಾವು. ಕೆಳಗ ವ್ಯಾನ್ ಐತಿ. ಎಬ್ಬಸಿದ್ರ ಎದ್ದೇನು, ಇಲ್ಲಂದ್ರ ಇಲ್ಲ."

"ರಾಚಪ್ಪ ಮಾಸ್ತರ ಮುಂದ ವ್ಯಾನ್ ಇರಲಿಲ್ಲೇನು ಕಾಕಾ? ಎದ್ರೇನು?"

"ಮತ್ತ ಯಾರನ್ನ ಹಾಕತಿ? ನಿನ್ನನ್ನೇನು? ನಿನಗೇನರೆ ಆದ್ರ ಗುರುಪಾದನ್ನ ಯಾರು ನೋಡ್ತಾರ?"

ಆ ಹೆಸರು ಕೇಳಿ ಅವಳು ಪರದೆಯನ್ನು ಕೆಳಗೆ ಸರಿಸಿದಳು. ಗುರುಪಾದಪ್ಪನ ಸಾಲು ಸಿಕ್ಕಿತು. ಹಸಿರು ಅಕ್ಷರದಲ್ಲಿ 'ಆರಾಮ.' ಅವಳ ಕಣ್ಣು ತುಂಬಿ ಬಂದವು. ಊರಿಗೆ ಊರೇ ತೂಗುಯ್ಯಾಲೆಯಲ್ಲಿರುವಾಗ ತನ್ನ ಗಂಡ ಕ್ಷೇಮ ಎಂದು ಹಿಗ್ಗುವುದು ಎಂಥ ಸ್ವಾರ್ಥ ಎಂದು ನಾಚಿಕೆಯೂ ಆಯಿತು. ಆದರೂ ಆ ಹಿಗ್ಗನ್ನು ತಡೆಯಲಾಗಲಿಲ್ಲ. ಇನ್ನೊಮ್ಮೆ ಆ ಸಾಲನ್ನು ನೋಡಿಯೇ ಮೇಲಕ್ಕೆ ಬಂದಳು.

ಅವರು ಬಹಳ ಹೊತ್ತು ವಾದಿಸಿದರು. ಕಾಕಾ ಕೀಲಿಮಣೆಗೆ ಕೈ ಹಾಕಿದರೆ ಅವಳು ತಡೆದಳು, ಅವಳು ಹಾಕಿದರೆ ಅವನು ತಡೆದ. ಚಹಾ ಆರಿ ಕೆನೆಗಟ್ಟಿತು. ಮಾತಿನ ನಡುನಡುವೆ ಕಿಟಕಿಯ ಕದ ಬಡಿಯುತ್ತಿತ್ತು. ಮೂರನೆಯವರೊಬ್ಬರು ಕೋಣೆಯೊಳಗೆ ಬಂದು, ಇಬ್ಬರ ನಡುವೆ ಕೂತು, ಮಾತು ಮುಗಿಯಲಿ ಎಂದು ಕಾಯುತ್ತಿರುವ ಹಾಗೆ ಶಿವಲೀಲಾಳಿಗೆ ಅನಿಸುತ್ತಿತ್ತು. ಅತ್ತ ತಿರುಗಿ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಕೊನೆಗೆ ಕಾಕಾ ವ್ಯಾನಿನವರನ್ನು ಮೇಲಕ್ಕೆ ಕರೆಯಲೆಂದು ಬಾಗಿಲಿಗೆ ಹೋದಾಗ ಅವಳು ತನ್ನ ಹೆಸರನ್ನು ತುಂಬಿ ಒತ್ತಿಬಿಟ್ಟಳು.

ಎದೆಯ ಮೇಲಿನ ಬಿಲ್ಲೆ ಒಮ್ಮೆ ನಡುಗಿತು. ಅವಳು ಮೇಜನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದಳು. ಗುಂಡಿಗೆ ಹೊಡೆದುಕೊಂಡಿತು. ಮತ್ತೆ ಹೊಡೆದುಕೊಂಡಿತು. ನಿಲ್ಲಲೇ ಇಲ್ಲ. ಮೈಯೆಲ್ಲ ಬೆವರು, ಆದರೆ ಜೀವ ಇದ್ದಲ್ಲೇ ಇತ್ತು. ಕಾಕಾ ಓಡಿ ಬಂದು ಅವಳ ಮಣಿಕಟ್ಟು ಹಿಡಿದು, "ಐತೆವಾ! ಕುದರಿ ಓಡಿದಂಗ ಓಡಾಕತ್ತೇತಿ!" ಎಂದು ಅಳುತ್ತ ನಕ್ಕ. ಅವಳೂ ನಕ್ಕಳು. ಬದುಕಿದ್ದೇನೆ ಎಂಬುದಕ್ಕೆ ಇಷ್ಟು ನಗು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಸುತ್ತು ಹೊರಟಿತು. ಸಿದ್ಧ ಪ್ರಶ್ನೆ ಊರೆಲ್ಲ ಹರಡಿತು, ಉತ್ತರಗಳು ಒಂದರ ಹಿಂದೆ ಒಂದು ಬಂದವು. ಕಾಕಾ ಸಂತೋಷಕ್ಕೆ ಹಾಜರಿ ಕರೆದಂತೆ ಹೆಸರುಗಳನ್ನು ಜೋರಾಗಿ ಓದತೊಡಗಿದ. ಹುಚ್ಚಪ್ಪ, ನಾಡಿ ಸರಿ. ನೀಲವ್ವ, ನಾಡಿ ಸರಿ. ಸಂಗನಬಸಪ್ಪ, ನಾಡಿ ಸರಿ. ಓದುತ್ತ ಓದುತ್ತ ಅವನ ದನಿ ನಿಂತಿತು.

"ಯಾಕ ನಿಲ್ಲಿಸಿದ್ರಿ?"

ಅವನು ಬೆರಳಿಟ್ಟು ತೋರಿಸಿದ. ಅವಳೇ ನೋಡಿದಳು. ಗುರುಪಾದಪ್ಪ. ಹಸಿರು ಅಕ್ಷರ ಹೋಗಿತ್ತು. 'ನಾಡಿ ಇಲ್ಲ.'

"ಅದು ಹಳೇ ಉತ್ತರ ಕಾಕಾ, ಇನ್ನೂ ಸಾಲಿನಾಗ ಸಿಕ್ಕೊಂಡೈತಿ" ಎಂದಳು. ನಗು ಇನ್ನೂ ಅವಳ ಮುಖದ ಮೇಲಿತ್ತು. "ಇನ್ನೊಮ್ಮೆ ಕೇಳ್ರಿ."

ಕಾಕಾ ಕೇಳಿದ. 'ನಾಡಿ ಇಲ್ಲ.'

"ಇನ್ನೊಮ್ಮೆ ಕೇಳ್ರಿ."

ಪ್ರತಿಯೊಂದು ಉತ್ತರದ ಬಾಲದಲ್ಲಿ ಅದು ಯಾವ ಬಿಲ್ಲೆಯಿಂದ ಬಂತು ಎಂಬ ಗುರುತು ಇರುತ್ತದೆ. ಪರದೆ ಅದನ್ನು ತೋರಿಸುತ್ತಿರಲಿಲ್ಲ. ಪ್ರಶ್ನೆಯಲ್ಲೇ ಹೆಸರಿರುವಾಗ ಉತ್ತರದ ಗುರುತು ಯಾಕೆ ಎಂದು ಶಿವಲೀಲಾಳೇ ಅದನ್ನು ಮರೆಮಾಡಿದ್ದಳು. ಈಗ ಅದನ್ನು ಬಿಚ್ಚಿದಳು. ತಾನು ಎತ್ತಿಕೊಂಡ ಹೆಸರಿಲ್ಲದ ಉತ್ತರದ ಗುರುತೂ ಈಗ ಬಂದ ಉತ್ತರದ ಗುರುತೂ ಒಂದೇ. ಅವಳ ಮನೆಯ ಬಿಲ್ಲೆ. ಅವಳೇ ತನ್ನ ಕೈಯಿಂದ ಅವನ ಎದೆಗೆ ಅಂಟಿಸಿದ್ದು.

ಉತ್ತರಗಳು ವಾರಸುದಾರರನ್ನು ಹುಡುಕಿಕೊಂಡು ಬಂದವಲ್ಲ. ವಾರಸುದಾರರು ಮೊದಲಿಂದಲೂ ಇದ್ದರು. ಬಿಲ್ಲೆ ನಡುಗುವ ಮೊದಲೇ ಮಂದಿ 'ಆರಾಮ' ಒತ್ತುತ್ತಿದ್ದರು. ಆ 'ಆರಾಮ' ಮುಂದಿನ ಪ್ರಶ್ನೆಗೆ ಸಿದ್ಧ ಉತ್ತರವಾಗಿ ಕಾದಿರುತ್ತಿತ್ತು. ಸರದಿ ಬಂದಾಗ ಸ್ಕ್ರಿಪ್ಟು ಅದನ್ನೇ ಎತ್ತಿಕೊಂಡು, ಇವರನ್ನು ಕೇಳಿಯಾಯಿತು ಎಂದು ಹೆಸರನ್ನು ಹೊಡೆದುಹಾಕುತ್ತಿತ್ತು. ಅವರ ಎದೆ ನಿಜವಾಗಿ ಹೇಳಿದ್ದು ಹಿಂದಿನಿಂದ ಬರುವಷ್ಟರಲ್ಲಿ ಅದಕ್ಕೆ ಸೇರಲು ಪ್ರಶ್ನೆಯೇ ಉಳಿದಿರುತ್ತಿರಲಿಲ್ಲ. ಕೇಳಿದ ಮೇಲೆ ಕಾಯುತ್ತಿದ್ದ ಕಾಲದಲ್ಲಿ ಇದು ಆಗುವಂತಿರಲಿಲ್ಲ. ಹುಚ್ಚಪ್ಪನ ಬೆವರು, ಮಾಸ್ತರರ ಕುಸಿತ, ಅವಳ ತಣ್ಣನೆಯ ಕೈ, ಎಲ್ಲ ಬರಿಯ ಹೆದರಿಕೆ. ಮಾಸ್ತರರು ಹೋದ ದಿನವೇ ಟಾಂಗಾಕೂಟದ ಹಿಂದಿನ ಓಣಿಯಲ್ಲಿ ಒಬ್ಬ ಮುದುಕಿ ಹಾಸಿಗೆಯಲ್ಲೇ ತೀರಿಕೊಂಡಿದ್ದಳು. ವಯಸ್ಸಾಗಿತ್ತು ಎಂದು ಎಲ್ಲರೂ ಸುಮ್ಮನಾಗಿದ್ದರು. ಆ ಕ್ಷೀಣ ನಾಡಿ ಅವಳದು. ಅವಳ ಹೆಸರಿನ ಮುಂದೆ ಆಗಲೂ ಹಸಿರು ಅಕ್ಷರವಿತ್ತು.

ಇಂದಂತೂ, ಯಾರ ಹೆಸರನ್ನು ತುಂಬಿದ್ದರೂ ಯಾರೂ ಸಾಯುತ್ತಿರಲಿಲ್ಲ. ಕಾಕಾನ ಹೆಸರು, ಅವಳ ಹೆಸರು, ಊರಿನ ಯಾವ ಹೆಸರಾದರೂ ಸರಿ. ಕೂಡಲೇ ತುಂಬಿದ್ದರೆ ಕೂಡಲೇ ಸುತ್ತು ಹೊರಡುತ್ತಿತ್ತು, ಪ್ರಶ್ನೆ ಹಾರ್ಮೋನಿಯಂ ಮುಂದೆ ಕೂತವನ ಎದೆ ಮುಟ್ಟುತ್ತಿತ್ತು, ಹೊಡೆತ ಬೀಳುತ್ತಿತ್ತು. ಚಹಾ ಕೆನೆಗಟ್ಟುವತನಕ ಅವರು ಒಬ್ಬರನ್ನೊಬ್ಬರು ಉಳಿಸುತ್ತ ಕೂತಿದ್ದರು.

ಅವಳು ವ್ಯಾನಿಗೆ ಓಡಿದಳು.

ಮನೆಯ ಬಾಗಿಲಲ್ಲಿ ಪಕ್ಕದ ಮನೆಯ ಪಾರ್ವತೆವ್ವ ನಿಂತಿದ್ದಳು. ವ್ಯಾನು ಕಂಡು ಅವಳ ಮುಖ ಬಿಳಿಚಿತು.

"ಆಗಳೆ ನೋಡಿ ಹೋಗೀನೆವಾ, ಚಲೋನ ಕುಂತಿದ್ರು. ಆರಾಮೇನಣ್ಣಾ ಅಂದ್ನಿ, ಮಾತಾಡಲಿಲ್ಲ. ಕೆಲಸದಾಗ ಅದಾರ ಬಿಡು ಅಂತ ನಾ ಹಂಗ ಹ್ವಾದ್ನಿ."

ಗುರುಪಾದಪ್ಪ ಗೋಡೆಗೆ ಒರಗಿ ಕೂತಿದ್ದ. ಕಾಲು ಚಾಚಿತ್ತು. ಸ್ವರಪಟ್ಟಿಯೊಂದು ಬೆರಳ ನಡುವೆಯೇ ಇತ್ತು. ಕಣ್ಣು ಅರ್ಧ ಮುಚ್ಚಿದ್ದವು. ಶಿವಲೀಲಾ ಹೊಸ್ತಿಲ ಮೇಲೆ ನಿಂತಂತೆಯೇ ಅವನ ಎದೆ ಎದ್ದಿತು, ಇಳಿಯಿತು.

"ಉಸರೈತಿ!" ಎಂದು ಅವಳು ಕೂಗಿದಳು. "ಅದಾರ! ಅದಾರ!"

ನರ್ಸ್ ಅವನ ಕೊರಳಿಗೆ ಬೆರಳಿಟ್ಟಳು, ಕಣ್ಣಿನ ರೆಪ್ಪೆ ಎತ್ತಿದಳು, ಬೆರಳು ಮಡಚಿ ನೋಡಿದಳು. ಕೈ ಬಿಟ್ಟು ಹಿಂದೆ ಸರಿದಳು.

"ಭಾಳ ಹೊತ್ತಾಗೇತ್ರೀ ಅಕ್ಕಾರ."

ಎದೆ ಮತ್ತೆ ಎದ್ದಿತು. ಅದರ ಜೊತೆ ಭುಜವೂ ಎದ್ದು, ತಲೆ ಮುಂದಕ್ಕೆ ಬಾಗಿ, ಯಾವುದೋ ಮಾತಿಗೆ ಹೂಂ ಎಂದಂತೆ ಆಡಿತು. ಪಾರ್ವತೆವ್ವ ಚೀರಿ ಹೊರಗೆ ಓಡಿದಳು. ಅಂಗಿಯೊಳಗೆ ಬಿಲ್ಲೆಯ ಸಣ್ಣ ದೀಪ ಹತ್ತಿ ಆರುವುದು ಆಗ ಶಿವಲೀಲಾಳಿಗೆ ಕಂಡಿತು. ದೀಪ ಹತ್ತುತ್ತಿತ್ತು, ಹೊಡೆತಕ್ಕೆ ಎದೆ ಏಳುತ್ತಿತ್ತು. ಮತ್ತೆ ಹತ್ತುತ್ತಿತ್ತು, ಮತ್ತೆ ಏಳುತ್ತಿತ್ತು. ಇನ್ನೊಮ್ಮೆ ಕೇಳ್ರಿ ಎಂದು ಅವಳು ಹೇಳಿ ಬಂದಿದ್ದಳು. ಸಾಕು ಎಂದು ಯಾರೂ ಹೇಳಿರಲಿಲ್ಲ. ನದಾಫ ಕಾಕಾ ಅಲ್ಲಿ ಕೂತು ಕೇಳುತ್ತಲೇ ಇದ್ದ.

ಅವಳು ಗಂಡನ ಪಕ್ಕದಲ್ಲಿ ಪೇಪರಿನ ಮೇಲೆ ಕೂತಳು. ಕೂಡಲೇ ಫೋನು ಮಾಡಬೇಕಿತ್ತು, ಮಾಡಲಿಲ್ಲ. ಇನ್ನೊಂದು ಸಲ ಏಳಲಿ ಎಂದು ನೋಡಿದಳು. ಎದ್ದಿತು. ಮತ್ತೊಂದು ಸಲ ನೋಡಿದಳು. ಆಮೇಲೆ ಫೋನು ಎತ್ತಿದಳು.

"ಹೆಂಗದಾರವಾ?" ಎಂದ ಕಾಕಾ. ಕೇಳಿ, ಅವನು ಕಾದ. ತಂತಿಯ ಆ ತುದಿಯಲ್ಲಿ ಅವನ ಉಸಿರು ಕೇಳಿಸುತ್ತಿತ್ತು.

"ಕಾಕಾ, ಸಾಕ್ ಮಾಡ್ರಿ" ಎಂದಳು ಶಿವಲೀಲಾ. "ಇನ್ನ ಕೇಳಬ್ಯಾಡ್ರಿ."

ಕೀಲಿಮಣೆಯಿಂದ ಅವನು ಕೈ ತೆಗೆದ ಸದ್ದಾಯಿತು. ಪಡಸಾಲೆ ಸುಮ್ಮನಾಯಿತು. ಅವಳು ಗಂಡನ ಬೆರಳಿನಿಂದ ಸ್ವರಪಟ್ಟಿಯನ್ನು ಬಿಡಿಸಿಕೊಳ್ಳುತ್ತಿದ್ದಾಗ, ಅಷ್ಟರೊಳಗೆ ಹೊರಟುಬಿಟ್ಟಿದ್ದ ಪ್ರಶ್ನೆಯೊಂದು ಬಂದು ಮುಟ್ಟಿತು. ದೀಪ ಹತ್ತಿತು. ಗುರುಪಾದಪ್ಪನ ಎದೆ ಇನ್ನೊಮ್ಮೆ ಎದ್ದು ಇಳಿಯಿತು.